ಏಳನೇ ಹಾಸಿಗೆಯ ಟಿಪ್ಪಣಿ

ಮಾರ್ಚ್ 3, ಬೆಳಿಗ್ಗೆ 11
ಮತ್ತದೇ ಗೋಳು. ಆಸ್ಪತ್ರೆ ವಾರ್ಡಿನ ಮಾನಿಟರ್ ಪ್ರೋಗ್ರಾಂ ನಿಧಾನ. 'ರೋಗಿ' ಕ್ಲಾಸಿಗೆ ನನ್ನದೇ ನ್ಯೂ, ನನ್ನದೇ ಡಿಲೀಟ್ ಬರೆದೆ — ಮೆಮೊರಿಯಲ್ಲಿ ಜಾಗ ಕೊಡೋದು, ವಾಪಸ್ ತಗೊಳ್ಳೋದು ಎರಡೂ ನನ್ನ ಕೋಡೇ. ಹದಿನಾರು ಹಾಸಿಗೆ — ಹದಿನಾರು ರೋಗಿಗಳಿಗಾಗುವಷ್ಟು ಮೆಮೊರಿ ಮೊದಲೇ ಹಿಡಿದಿಟ್ಟೆ. ಪ್ರತಿ ಸಲವೂ ಸಿಸ್ಟಮ್ ಮುಂದೆ ಬೇಡೋದು ಬೇಡ. ಒಬ್ಬರು ಹೋದರೆ ಅದೇ ಜಾಗ ಮುಂದಿನವರಿಗೆ. ಹಳೆಯದನ್ನು ಒರೆಸೋದಿಲ್ಲ, ಹೊಸಬರ ವಿವರ ಅದರ ಮೇಲೇ ಬರೆದುಕೊಳ್ಳುತ್ತೆ.
ಟೀಮ್ ಲೀಡ್ ಮೇಡಂ: "ಒರೆಸಿದ್ರೆ ಕೈ ಸವೆಯುತ್ತೇನಪ್ಪಾ?"
"ಕೈಯಲ್ಲ ಮೇಡಂ, ಮೈಕ್ರೋಸೆಕೆಂಡ್."
ನನ್ನ ಜಂಬ ನೋಡು.

ಮಾರ್ಚ್ 19
ಅಕ್ಕ ಅಡ್ಮಿಟ್. ಹಾರ್ಟು. ನಮ್ಮ ಮಾನಿಟರ್ ಇರೋ ವಾರ್ಡೇ, ಏಳನೇ ಹಾಸಿಗೆ.
"ನಿನ್ನ ಪ್ರೋಗ್ರಾಮಿಗೆ ಕೊನೆಗೂ ಒಬ್ಬಳು ಗಿರಾಕಿ ಸಿಕ್ಕಳಲ್ಲೋ ಪುಟ್ಟಾ!"
ನಲವತ್ತರ ಪುಟ್ಟ ನಕ್ಕ.
ಅವಳಿಗೆ ಎಡಕಿವಿ ಕೇಳಿಸಲ್ಲ. ನರ್ಸುಗಳು ಎಡಗಡೆಯೇ ನಿಂತು ಕೇಳ್ತಾರೆ. ನೋವಿದೆಯಾ? ಹೂಂ. ನೋವಿಲ್ಲ ತಾನೆ? ಅದಕ್ಕೂ ಹೂಂ.

ಮಾರ್ಚ್ 20
ಮೇಡಂ ಹತ್ತಿರ ಕಾಡಿ ಬೇಡಿ, ಪ್ರತಿ ಹಾಸಿಗೆಯ ಮಾನಿಟರ್ ಪರದೆಗೆ ಟಿಪ್ಪಣಿಯ ಸಾಲೊಂದು ಸೇರಿಸಿದೆ. ಗಡಿಬಿಡಿಯ ಕೆಲಸ. ಆಫೀಸಿನಿಂದಲೇ ಅಕ್ಕನದರಲ್ಲಿ ಟೈಪ್ ಮಾಡಿದೆ: "ಬಲಗಡೆ ನಿಂತು ಮಾತಾಡಿ. ನಗಿಸಿದರೆ ಔಷಧಿ ಕುಡೀತಾರೆ."
ಸಂಜೆ ಹೆಡ್ ನರ್ಸ್ ಬಲಕ್ಕೆ ಬಂದು ಕೇಳಿದರು. ಅಕ್ಕ ಮೊದಲ ಸಲ "ಇಲ್ಲ" ಅಂದಳು.

ಮಾರ್ಚ್ 27
ಬೆಳಿಗ್ಗೆ ಆರೂ ಹತ್ತಕ್ಕೆ ಹೋದಳು. ಬಲಗಡೆಯೇ ನಿಂತಿದ್ದೆ.

ಏಪ್ರಿಲ್ 9, ಮಧ್ಯಾಹ್ನ 3
ಕೆಲಸಕ್ಕೆ ವಾಪಸ್. ಹೆಡ್ ನರ್ಸ್ ಫೋನ್. ಏಳನೇ ಹಾಸಿಗೆಗೆ ನಿನ್ನೆ ಒಬ್ಬರು ಅಜ್ಜ ಬಂದಿದ್ದಾರೆ.
"ನಿನ್ನೆಯಿಂದ ಬಲಗಿವಿಗೇ ಕೂಗ್ತಿದೀವಿ ಸರ್. 'ಅದೇ ಕಣಮ್ಮಾ ಕೆಟ್ಟಿರೋದು, ಈಕಡೆ ಬಾ' ಅಂತ ಬೈದ್ರು. ನಿಮ್ಮಕ್ಕನ ಟಿಪ್ಪಣಿ ಹಾಗೇ ಇದೆ. ಅಳಿಸೋಕೆ ಬಟನ್ನೂ ಇಟ್ಟಿಲ್ಲ ನೀವು." ಆಮೇಲೆ, ಮೆಲ್ಲಗೆ: "ನಗಿಸಿದ್ರೆ ಔಷಧಿ ಮಾತ್ರ ಇವರೂ ಕುಡೀತಾರೆ."
ತಪ್ಪು ನನ್ನದೇ. ಸಾಲು ಸೇರಿಸಿದೆ, ಹೊಸಬರು ಬಂದಾಗ ಖಾಲಿ ಮಾಡಬೇಕನ್ನೋದನ್ನು ಮರೆತೆ. ಅಕ್ಕನ ಜಾಗ ಅಜ್ಜನಿಗೆ ಹೋಯ್ತು, ಅವಳ ಕಿವಿ ಸಮೇತ.
ಮೇಡಂ ಬೈಯಲಿಲ್ಲ. ಅದೇ ಕಷ್ಟ.
"ನಾನು ಒರೆಸ್ಲಾ?"
"ಬೇಡ ಮೇಡಂ... ನಾನೇ."

ಸಂಜೆ 5
ಒಂದೇ ಸಾಲಿನ ತಿದ್ದುಪಡಿ. ಟೆಸ್ಟ್ ಆಯ್ತು. ಅಪ್‌ಡೇಟ್ ಒತ್ತಿದರೆ ಏಳನೇ ಹಾಸಿಗೆಯ ಟಿಪ್ಪಣಿಯೂ ಖಾಲಿ. ಒತ್ತಲೇಬೇಕು — ಅಲ್ಲಿ ಇನ್ನೊಬ್ಬ ನರ್ಸ್ ಟಿಪ್ಪಣಿ ನಂಬಿ ಬಲಕ್ಕೆ ನಿಂತಿದ್ದರೆ, ಅಜ್ಜ ಏನೂ ಕೇಳಿಸದೆ ತಲೆಯಾಡಿಸ್ತಿರಬಹುದು.
ಪರದೆಯಲ್ಲಿ ಅಕ್ಕನ ಸಾಲು ಇನ್ನೂ ಇದೆ. ನೋಡಿಕೊಂಡು ಇಲ್ಲಿ ಇಳಿಸಿಕೊಳ್ತೀನಿ, ಆಮೇಲೆ ಒತ್ತುತ್ತೀನಿ.
ಬಲಗಡೆ ನಿಂತು ಮಾತಾಡಿ. ನಗಿಸಿದರೆ