ಎರಡನೆಯ ಸಲದ ರಕ್ತ

ಬೇಗಂಪೇಟೆ, ಹೈದರಾಬಾದ್

ಡಾ. ಶ್ರೀಲಕ್ಷ್ಮಿಯವರಿಗೆ ನಮಸ್ಕಾರ.

ಡೆಂಗಿ ಯಾರಲ್ಲಿ ಉಲ್ಬಣಿಸುತ್ತದೆಂದು ವೈರಸ್‌ನ ಗುರುತುಗಳಿಂದ ಮೊದಲೇ ತಿಳಿಯಬಹುದೇ ಎಂಬ ನಿಮ್ಮ ಸಂಶೋಧನೆಗೆ ಮಗ ಸುಮಂತನ ರಕ್ತ ಕೊಟ್ಟಿದ್ದೆವು. ಗುಣವಾದ ಮೇಲೆ ಕೊಡಬೇಕಾದ ರಕ್ತಕ್ಕಾಗಿ ನಿಮ್ಮವರು ನನ್ನ ಹೆಂಡತಿ ಶೋಭಾಳಿಗೆ ಫೋನ್ ಮಾಡುತ್ತಿದ್ದಾರೆ. ಆಕೆ ಪ್ರತಿ ಸಲವೂ, "ಸಾಲಿಗೆ ಹೋಗ್ಯಾನ್ರಿ, ಮುಂದಿನ ವಾರ ಕರಕೊಂಡ ಬರ್ತೀವ್ರಿ" ಎನ್ನುತ್ತಾಳೆ.

ಸುಮಂತ ಆಸ್ಪತ್ರೆಯಿಂದ ಜೀವಂತ ಮನೆಗೆ ಬರಲಿಲ್ಲ. ಆ ಸುದ್ದಿ ನಿಮ್ಮ ವಿಭಾಗಕ್ಕೆ ತಲುಪಿಲ್ಲವೆಂದು ಕಾಣುತ್ತದೆ. ದಯವಿಟ್ಟು ಶೋಭಾಳ ನಂಬರ್ ತೆಗೆದುಹಾಕಿ. ಏನಿದ್ದರೂ ನನ್ನನ್ನೇ ಕೇಳಿ. ಮೊದಲ ರಕ್ತವನ್ನು ಪರೀಕ್ಷೆಗೆ ಬಳಸಲು ನಮ್ಮ ಒಪ್ಪಿಗೆ ಹಾಗೆಯೇ ಇದೆ.

ಇಷ್ಟು ಬರೆಯುವಾಗ ಶೋಭಾ ಹಿಂದೆ ನಿಂತು ಓದುತ್ತಿದ್ದುದು ನನಗೆ ಗೊತ್ತಾಗಲಿಲ್ಲ. ಇದನ್ನೂ ಸೇರಿಸಲು ಹೇಳಿದಳು: "ಅವನ ರಕ್ತ ಎಲ್ಲಾ ಖರ್ಚ ಮಾಡಬ್ಯಾಡ್ರಿ. ಒಂದೀಟು ಉಳಿಸಿ ಇಡ್ರಿ."

ಇಂತಿ,
ಬಸವಲಿಂಗಪ್ಪ