ಬಾವಲಿ ಎಂದು ಕೇಳಿಸಿತು

ಘನ ಮಹಾಸಭೆಗೆ, ಅಂದರೆ ನನ್ನ ಅಕ್ಕನಿಗೆ, ನಮಸ್ಕಾರಗಳು.

ಅಟ್ಟದ ಬಾವಲಿಗಳ ಮೇಲಿನ ಯುದ್ಧ ಮುಗಿಯಿತು. ಹೊಗೆ ಹಾಕಿದೆವು, ಬಗೆಬಗೆಯಾಗಿ ಬಡಿದೆವು, ಗೋಡೆಯೆಲ್ಲ ರಕ್ತ. "ಹೊಡೆಯೋದು ನನಗೆ ಬಿಡೋ, ಅಭ್ಯಾಸ ಇದೆ" ಎಂದು ನಿನ್ನ ಗಂಡನೂ ಅಟ್ಟ ಹತ್ತಿದ್ದರು. ಕೆಳಗಿನಿಂದ ತಂಗಿ "ಭಾವ ಅಲ್ಲಿ, ಭಾವ ಅಲ್ಲಿ" ಎಂದು ಕೂಗಿದಳು. ಹೊಗೆಯೊಳಗೆ ನನಗದು "ಬಾವಲಿ, ಬಾವಲಿ" ಎಂದು ಕೇಳಿಸಿ ದೊಣ್ಣೆ ಬೀಸಿದೆ. ಭಾವನ ಬಲಗೈ ಎರಡು ಕಡೆ ಮುರಿದಿದೆ. ಆಸ್ಪತ್ರೆಯಲ್ಲಿ ಇದನ್ನೇ ಹೇಳಿದೆ. ಡಾಕ್ಟರು ನಕ್ಕರು, ಭಾವ ನಗಲಿಲ್ಲ.

ಸಂದುಗೊಂದಿಗೆಲ್ಲ ಸಿಮೆಂಟು ಮೆತ್ತಿದ್ದೇನೆ, ಮುಂಬಾಗಿಲಿಗೆ ಹೊಸ ಚಿಲಕ ಹಾಕಿದ್ದೇನೆ. ಅವರ ಕೈಪಟ್ಟಿ ಬಿಚ್ಚುವ ಮೊದಲು ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದುಬಿಡು.

ಅಕ್ಕಾ, ತಂಗಿ ಕೂಗಿದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು. ಮೊದಲ ಏಟಿಗೇ ಭಾವ "ನಾನು ಕಣೋ" ಎಂದರು. ಆಮೇಲೂ ಹೊಡೆದೆ. ನಿನ್ನ ಹಲ್ಲು ಮುರಿದ ಕೈ ಅದು.

ಇತಿ,
ನಿನ್ನ ತಮ್ಮ