ಝಾಂಜ್ ಕೇಳದ ಮಾಸ್ತರು

ಸಾಣಾಪುರ
ಬುಧವಾರ, ೪ ಫೆಬ್ರವರಿ ೨೦೨೬

ಪ್ರೀತಿಯ ಮೊಮ್ಮಗಳು ಮೇಘಾಗೆ,

ನಿನ್ನ ಸೊಂಟನೋವು ಹೇಗಿದೆ? ಯಲಬುರ್ಗಾದ ನೀರು ಮೈಗೆ ಹೊಂದಿತೋ ಇಲ್ಲವೋ? ನನ್ನ ಮೊಣಕಾಲು ಬಸ್ಸು ಹತ್ತುವಾಗ ಮಾತ್ರ ತಕರಾರು ಮಾಡುತ್ತದೆ. ಫೋನು ಹಚ್ಚಿದರೆ ನೀನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನನ್ನದು ಶಾಲೆಗೆ ಹೋಗದೆ ಕಲಿತ ಅಕ್ಷರ, ಸೊಟ್ಟಗಿದ್ದರೆ ತಲೆ ಸೊಟ್ಟ ಮಾಡಿ ಓದು.

ಜೋನಪ್ಪ ಮಾಸ್ತರು ಶಿವರಾತ್ರಿಯ ಮರುದಿನ ತಮ್ಮ ಬ್ರೆಜಿಲ್ ದೇಶಕ್ಕೆ ಹೊರಡುತ್ತಾರೆ, ಇನ್ನು ಬರುವುದಿಲ್ಲ. ಅಷ್ಟರೊಳಗೆ ನೀನು ಡ್ರಮ್ ಬಾರಿಸುವುದನ್ನು ಒಮ್ಮೆ ನೋಡಬೇಕಂತೆ. ನಿನಗೆ ಗೊತ್ತಿದ್ದದ್ದೇ ಆದರೂ ಅವರ ಕಥೆಯನ್ನು ಮತ್ತೊಮ್ಮೆ ಬರೆಯಬೇಕೆನಿಸಿದೆ. ಕೆರೆ ನೋಡಲು ಬಂದ, ಆಮೇಲೆ ಊರವರ ಬಾಯಲ್ಲಿ ಜೋನಪ್ಪನಾದ ಜೋನಾಸ್ ಎಂಬ ಆ ಪರದೇಶಿ ತಾನು ಜಾಜ್ ಬಾರಿಸುವವನೆಂದಾಗ ನಮ್ಮೂರ ಝಾಂಜ್ ಮೇಳದವರು, "ಝಾಂಜ್ ಅಂತಾನಲೇ, ಇಂವ ನಮ್ಮ ಪೈಕಿನ ಅದಾನ" ಎಂದು ಕಂಚಿನ ಎರಡು ದೊಡ್ಡ ತಾಳ ಕೊಟ್ಟು ಮದುವೆ ಮೆರವಣಿಗೆಗೆ ನಿಲ್ಲಿಸಿದರು. ಆ ಮನುಷ್ಯ ಬೇಡವೆನ್ನದೆ ಊರ ತುಂಬ ಬಾರಿಸಿದರು. ಬಂದರಿನಲ್ಲಿ ಮೂಟೆ ಹೊರುವವನ ಮಗ, ಎಣ್ಣೆಡಬ್ಬಿ ಬಡಿದು ಕೈ ಪಳಗಿಸಿಕೊಂಡವರು, ಸಾವೊ ಪಾವ್ಲೊದ ಹೋಟೆಲುಗಳಲ್ಲಿ ಹೊಟ್ಟೆ ಹೊರೆದು, ದೇಶ ದೇಶ ತಿರುಗಿ, ಕಡೆಗೆ ಕಾಲೇಜಿನಲ್ಲಿ ಮಾಸ್ತರಾದವರು ಎಂಬುದು ಆಮೇಲೆ ತಿಳಿಯಿತು. ನಿವೃತ್ತರಾದ ಮೇಲೆ ಪ್ರತಿ ಚಳಿಗಾಲ ನಮ್ಮ ಭತ್ತದ ಶೆಡ್ಡಿನಲ್ಲಿ ಡ್ರಮ್ ಇಟ್ಟು ಕಲಿಸಿದರು. "ಮೊದ್ಲ ಬಾಯಾಗ ಬಾರಸು, ಆಮ್ಯಾಲ ಕೈಯಾಗ" ಎಂದು ನಿನಗೆಷ್ಟು ಬೈಯುತ್ತಿದ್ದರು. ಆ ವಿದ್ಯೆ ಪೂರ್ತಿ ಹತ್ತಿದ್ದು ನಿನ್ನೊಬ್ಬಳಿಗೇ.

ಹೋದ ವಾರ ಮೇಳದ ಜೊತೆ ಡ್ರಮ್ ಬಾರಿಸುತ್ತಿದ್ದ ಮಾಸ್ತರು ನಡುವೆ ನಿಲ್ಲಿಸಿ, "ಯಾಕ್ರಿ, ಝಾಂಜ್ ಯಾಕ ಬಾರಸವಲ್ರಿ?" ಎಂದರು. ಮೇಳದ ಮಕ್ಬುಲಸಾಬ ಅವರೆದುರೇ ನಿಂತು ತೋಳು ಕಳಚುವಂತೆ ಝಾಂಜ್ ಬಾರಿಸುತ್ತಿದ್ದ. "ಮಾಸ್ತರ, ಚಾಷ್ಟಿ ಮಾಡಬ್ಯಾಡ್ರಿ" ಎಂದು ನಕ್ಕು ಇನ್ನೊಮ್ಮೆ ಬಡಿದ. ಮಾಸ್ತರು ಅವನ ಕೈ ನೋಡಿದರು, ತಾಳ ನೋಡಿದರು. ತಾವೇ ಅವನ್ನು ಇಸಿದುಕೊಂಡು ಕಿವಿಯ ಹತ್ತಿರ ತಂದು ಬಡಿದರು. ಆಮೇಲೆ ಯಾರೂ ನಗಲಿಲ್ಲ. ಝಾಂಜಿನಂಥ ಸಣ್ಣ, ಚೂಪು ದನಿಗಳು ಹೋಗಿವೆ, ಡೊಳ್ಳಿನಂಥ ದಪ್ಪ ದನಿಯೂ ಬಹಳ ದಿನ ಉಳಿಯುವುದಿಲ್ಲ ಎಂದರು ಗಂಗಾವತಿಯ ಡಾಕ್ಟರು. ಜೀವಮಾನವೆಲ್ಲ ಬಾರಿಸಿದ್ದೇ ಕಿವಿಯನ್ನು ತಿಂದಿದೆ. ಕಿವಿಗೆ ಮಷೀನು ಹಾಕಿದರೆ ಮಾತು ಒಂದಿಷ್ಟು ಕೇಳೀತು, ಬಾರಿಸುವುದಕ್ಕೆ ಆಗದು.

ಅಂದಿನಿಂದ ಅವರು ಶೆಡ್ಡಿಗೆ ಕಾಲಿಟ್ಟಿಲ್ಲ, ಕೆರೆಯ ದಂಡೆಯಲ್ಲಿ ಕೂತಿರುತ್ತಾರೆ. ನಾನೂ ಪಕ್ಕದಲ್ಲಿ ಕೂರುತ್ತೇನೆ. ಸಮಾಧಾನದ ಮಾತು ಬಾಯಿಗೆ ಬಂದರೂ ಅದನ್ನು ಕೂಗಿ ಹೇಳಬೇಕು. ಕೂಗಿ ಹೇಳಿದ ಸಮಾಧಾನ ಬೈಗುಳದ ಹಾಗೆ ಇರುತ್ತದೆ, ತಂಗಿ. "ಮೇಘಾ ಎಲ್ಲ್ಯದಾಳ?" ಎಂದು ದಿನಾ ಕೇಳುತ್ತಾರೆ. ಯಲಬುರ್ಗಾದ ದಿಕ್ಕಿಗೆ ಕೈ ತೋರಿಸುತ್ತೇನೆ.

ನಿಮ್ಮ ಅತ್ತೆ ಶೇಖರಮ್ಮನವರಿಗೆ ನನ್ನ ಶರಣು ತಿಳಿಸು. ನಿನ್ನ ಕೈಕಾಲು ಗಟ್ಟಿಯಿರಲಿ, ಮನಸ್ಸು ತಂಪಾಗಿರಲಿ.

ನಿನ್ನ ಅಜ್ಜ,
ಓಬಳೆಪ್ಪ

ತಾ.ಕ.: ಪಾಕೀಟು ಅಂಟಿಸುವ ಮೊದಲು ಇದೊಂದು ಮಾತು. ಮದುವೆಯಾದ ಮೇಲೆ ನೀನು ಡ್ರಮ್ಮಿನ ಕೋಲು ಮುಟ್ಟಿಲ್ಲವೆಂದು ನನಗೆ ಗೊತ್ತು. "ಕೈ ಮರ್ತೈತಜ್ಜ, ಮಾಸ್ತರ ಮುಂದ ಯಾವ ಮಾರಿ ಇಟ್ಕೊಂಡು ನಿಂದ್ರಲಿ" ಎಂದು ದೀಪಾವಳಿಗೆ ಅತ್ತಿದ್ದೆ. ಬಾ, ಅಂಜಬೇಡ. ನೀನು ಎಷ್ಟು ತಪ್ಪಿದರೂ ಈಗ ಅವರಿಗೆ ಕೇಳಿಸುವುದಿಲ್ಲ.